ನೂರಕ್ಕೆ ತೊಂಬತ್ತೇಳೂ ಮುಕ್ಕಾಲು

ಭಾರತದಲ್ಲಿ ಆದಾಯ ತೆರಿಗೆ ಹುಟ್ಟಿದ್ದು 1857ರ ದಂಗೆಯ ಸಾಲದಿಂದ. ದಂಗೆ ಅಡಗಿಸಿದ ಖರ್ಚಿಗೆ ಬರಿದಾಗಿದ್ದ ಬೊಕ್ಕಸ ತುಂಬಲು ಇಂಗ್ಲೆಂಡಿನಿಂದ ಬಂದ ಹಣಕಾಸು ಸದಸ್ಯ ಜೇಮ್ಸ್ ವಿಲ್ಸನ್, 1860ರಲ್ಲಿ ವರ್ಷಕ್ಕೆ 200 ರೂಪಾಯಿ ಹಾಗೂ ಅದಕ್ಕೂ ಹೆಚ್ಚು ಆದಾಯವಿದ್ದವರ ಮೇಲೆ ತೆರಿಗೆ ಹಾಕಿದರು. ಇದನ್ನು ಬಹಿರಂಗವಾಗಿ ವಿರೋಧಿಸಿದ ಮದರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲಿಯನ್ ಹುದ್ದೆ ಕಳೆದುಕೊಂಡರು. ವಿಲ್ಸನ್ ಅದೇ ವರ್ಷದ ಆಗಸ್ಟಿನಲ್ಲಿ ಕಲ್ಕತ್ತೆಯಲ್ಲಿ ಆಮಶಂಕೆಯಿಂದ ತೀರಿಕೊಂಡರು. ತೆರಿಗೆ 1865ರಲ್ಲಿ ನಿಂತಿತು. ಆಮೇಲೆ ಬೇರೆ ಬೇರೆ ರೂಪಗಳಲ್ಲಿ ಬಂದು ಹೋಗಿ, 1886ರ ಕಾಯ್ದೆಯಿಂದ ನೆಲೆಯೂರಿತು.

ಆ ಕಾಯ್ದೆ ಕೃಷಿ ಆದಾಯವನ್ನು ಹೊರಗಿಟ್ಟಿತು. ಭೂಮಿಗೆ ಹೇಗೂ ಕಂದಾಯವಿದೆಯಲ್ಲ ಎಂಬುದು ಅದಕ್ಕಿದ್ದ ಸಮರ್ಥನೆ. ಕಂದಾಯ ಹೆಸರಿಗಷ್ಟೇ ಉಳಿದ ಮೇಲೂ ವಿನಾಯಿತಿ ಮಾತ್ರ ಅಳಿಯಲಿಲ್ಲ. ಸಂವಿಧಾನ ಕೃಷಿ ಆದಾಯಕ್ಕೆ ತೆರಿಗೆ ಹಾಕುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿತು. ಮೈಸೂರು ರಾಜ್ಯ 1957ರಲ್ಲಿ ಕೃಷಿ ಆದಾಯ ತೆರಿಗೆ ಕಾಯ್ದೆ ಮಾಡಿದಾಗ ಅದರ ಬಿಸಿ ತಟ್ಟಿದ್ದು ಮುಖ್ಯವಾಗಿ ಕೊಡಗು, ಚಿಕ್ಕಮಗಳೂರು ಕಡೆಯ ಕಾಫಿ ತೋಟಗಳಂಥ ದೊಡ್ಡ ಹಿಡುವಳಿಗಳಿಗೆ.

ಸ್ವಾತಂತ್ರ್ಯದ ನಂತರ ಸಿರಿವಂತರ ಆದಾಯವಷ್ಟೇ ಅಲ್ಲದೆ ಆಸ್ತಿಯೂ ಲೆಕ್ಕಕ್ಕೆ ಬಂತು. ಸತ್ತವರ ಆಸ್ತಿ ವಾರಸುದಾರರಿಗೆ ದಾಟುವಾಗ ಪಾಲು ಕೇಳುವ ಎಸ್ಟೇಟ್ ಡ್ಯೂಟಿ 1953ರ ಅಕ್ಟೋಬರ್ 15ರಂದು ಜಾರಿಯಾಯಿತು. ಮುಂದೆ ಅದರ ಅತಿ ಮೇಲಿನ ದರ ಶೇ 85ಕ್ಕೆ ಮುಟ್ಟಿತು.

ಇದಕ್ಕೊಂದು ಸಿದ್ಧಾಂತದ ಚೌಕಟ್ಟು ಕೊಟ್ಟವರು ಕೇಂಬ್ರಿಜ್‌ನ ಅರ್ಥಶಾಸ್ತ್ರಜ್ಞ ನಿಕೊಲಸ್ ಕಾಲ್ಡರ್. ಭಾರತ ಸರ್ಕಾರಕ್ಕೆ 1956ರಲ್ಲಿ ಅವರು ಸಲ್ಲಿಸಿದ ವರದಿಯ ವಾದ ಸರಳವಾಗಿತ್ತು: ಸಿರಿವಂತನ ಶಕ್ತಿಯನ್ನು ಆದಾಯವೊಂದರಿಂದ ಅಳೆಯಲಾಗದು. ಆದಾಯ, ಬಂಡವಾಳದ ಲಾಭ, ಸಂಪತ್ತು, ಕೊಡುಗೆ, ವೈಯಕ್ತಿಕ ವೆಚ್ಚ, ಈ ಐದರ ಮೇಲೂ ತೆರಿಗೆ ಇದ್ದರೆ ಒಂದರಲ್ಲಿ ಮುಚ್ಚಿಟ್ಟದ್ದು ಇನ್ನೊಂದರಲ್ಲಿ ಬಯಲಾಗುತ್ತದೆ. ಜೊತೆಗೆ ಅವರು ಒಂದು ಷರತ್ತನ್ನೂ ಇಟ್ಟಿದ್ದರು. ಆದಾಯ ತೆರಿಗೆಯ ಗರಿಷ್ಠ ದರ ಶೇ 45 ದಾಟಬಾರದು. ದಾಟಿದರೆ ಕಳ್ಳತನಕ್ಕೆ ಲಾಭ ಹೆಚ್ಚು.

ಸಂಪತ್ತು ತೆರಿಗೆ ಮತ್ತು ವೆಚ್ಚ ತೆರಿಗೆಯ ಕಾಯ್ದೆಗಳು 1957ರಲ್ಲಿ, ಕೊಡುಗೆ ತೆರಿಗೆಯದು 1958ರಲ್ಲಿ ಬಂದವು. ಆದಾಯ ತೆರಿಗೆಯ ದರವನ್ನು ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ಒಂದಿಷ್ಟು ಇಳಿಸಿದರಾದರೂ ಅದು 45ರ ಹತ್ತಿರಕ್ಕೂ ಬರಲಿಲ್ಲ. ಔಷಧ ಕುಡಿದು ಪಥ್ಯ ಬಿಟ್ಟಂತಾಯಿತು. ವೆಚ್ಚ ತೆರಿಗೆ 1962ರಲ್ಲಿ ರದ್ದಾಗಿ, 1964ರಲ್ಲಿ ಮರಳಿ, 1966ರಲ್ಲಿ ಕೊನೆಯುಸಿರೆಳೆಯಿತು. ಸಿರಿವಂತರ ಖರ್ಚಿನ ಲೆಕ್ಕ ಹಿಡಿಯುವಷ್ಟು ಬಲ ಇಲಾಖೆಗೆ ಇರಲಿಲ್ಲ.

ದರ ಮಾತ್ರ ಏರುತ್ತಲೇ ಹೋಯಿತು. ಇಂದಿರಾ ಗಾಂಧಿಯವರ ಕಾಲಕ್ಕೆ, 1973-74ರಲ್ಲಿ, 2 ಲಕ್ಷ ರೂಪಾಯಿ ಮೀರಿದ ಆದಾಯಕ್ಕೆ ಶೇ 85ರ ತೆರಿಗೆಯೂ ಆ ತೆರಿಗೆಯ ಮೇಲೆ ಶೇ 15ರ ಸರ್ಚಾರ್ಜೂ ಸೇರಿ ಒಟ್ಟು ಶೇ 97.75 ಆಗಿತ್ತು. 2 ಲಕ್ಷದ ಮೇಲೆ ಇನ್ನೊಂದು ಲಕ್ಷ ದುಡಿದವನ ಕೈಯಲ್ಲಿ ಉಳಿಯುತ್ತಿದ್ದುದು 2,250 ರೂಪಾಯಿ. ಸಂಪತ್ತು ತೆರಿಗೆಯನ್ನೂ ಕೂಡಿಸಿದರೆ ಕೆಲವರ ಪಾಲಿಗೆ ಒಟ್ಟು ತೆರಿಗೆ ಆದಾಯವನ್ನೇ ಮೀರುತ್ತಿತ್ತು. ಕಾಗದದ ಮೇಲೆ ಇಷ್ಟು ಕಠಿಣವಾದ ದರವನ್ನು ಪ್ರಾಮಾಣಿಕವಾಗಿ ಕಟ್ಟುವವರು ವಿರಳ. ಅವಿಭಕ್ತ ಕುಟುಂಬ ಮತ್ತು ಟ್ರಸ್ಟುಗಳ ಹೆಸರಿನಲ್ಲಿ ಆದಾಯ ಹಂಚಿ ತೋರಿಸುವುದು ಲೆಕ್ಕಿಗರ ನಿತ್ಯದ ಕಸುಬಾಯಿತು; ಉಳಿದದ್ದು ಕಪ್ಪು ಹಣವಾಯಿತು. ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಎನ್. ವಾಂಛೂ ಸಮಿತಿ 1971ರಲ್ಲೇ ಇದನ್ನು ಗುರುತಿಸಿ, ದರವನ್ನು ಶೇ 75ಕ್ಕೆ ತಗ್ಗಿಸಲು ಹೇಳಿತ್ತು.

ಇಳಿಕೆ ಶುರುವಾದದ್ದು 1974ರಿಂದ. ಆ ವರ್ಷ 77, ಎರಡು ವರ್ಷದಲ್ಲಿ 66, ವಿ.ಪಿ. ಸಿಂಗ್ ಅವರ 1985ರ ಬಜೆಟ್ಟಿನಲ್ಲಿ 50, ಪಿ. ಚಿದಂಬರಂ ಅವರ 1997ರ ಬಜೆಟ್ಟಿನಲ್ಲಿ 30. ಎಸ್ಟೇಟ್ ಡ್ಯೂಟಿಯನ್ನು ಕೈಬಿಟ್ಟವರೂ ವಿ.ಪಿ. ಸಿಂಗ್ ಅವರೇ. ವರ್ಷಕ್ಕೆ ಸುಮಾರು 20 ಕೋಟಿ ರೂಪಾಯಿ ತರುತ್ತಿದ್ದ ಅದರ ವಸೂಲಿಗೆ ತಗಲುವ ಖರ್ಚು ಹೆಚ್ಚು ಎಂಬುದು ಅವರು ಕೊಟ್ಟ ಕಾರಣ. ಅಪ್ಪನ ಆಸ್ತಿ ಮಕ್ಕಳಿಗೆ ದಾಟುವಾಗ ಕೇಂದ್ರಕ್ಕೆ ಅದರಲ್ಲಿ ಪಾಲಿಲ್ಲದೆ ಹೋದದ್ದು ಅಲ್ಲಿಂದಾಚೆಗೆ.

ಸಂಪತ್ತು ತೆರಿಗೆಯ ಸಾವು ನಿಧಾನವಾಗಿ ಬಂತು. 1992ರ ಬಜೆಟ್ ಷೇರು, ಬ್ಯಾಂಕ್ ಠೇವಣಿಗಳನ್ನು ಅದರಿಂದ ಬಿಡುಗಡೆ ಮಾಡಿತು. ಉಳಿದದ್ದು ಒಡವೆ, ಕಾರು, ಪಟ್ಟಣದ ನಿವೇಶನದಂಥವು. ಸಿರಿ ಷೇರುಗಳಲ್ಲಿ ಬೆಳೆಯುತ್ತಿದ್ದ ಕಾಲದಲ್ಲಿ ಷೇರನ್ನೇ ಬಿಟ್ಟ ಮೇಲೆ ವಸೂಲಿ ಎಲ್ಲಿಂದ ಬರಬೇಕು? 2013-14ರಲ್ಲಿ ಇಡೀ ದೇಶದಲ್ಲಿ ಸಿಕ್ಕಿದ್ದು 1,008 ಕೋಟಿ ರೂಪಾಯಿ. ಅರುಣ್ ಜೇಟ್ಲಿ 2015ರ ಬಜೆಟ್ಟಿನಲ್ಲಿ ಅದನ್ನು ರದ್ದು ಮಾಡಿ, ಕೋಟಿ ಮೀರಿದ ಆದಾಯಕ್ಕೆ ಶೇ 2ರ ಹೆಚ್ಚುವರಿ ಸರ್ಚಾರ್ಜ್ ಹಾಕಿದರು. ಅದರಿಂದ ಅವರು ನಿರೀಕ್ಷಿಸಿದ್ದು ಸುಮಾರು 9,000 ಕೋಟಿ.

ಅಲ್ಲಿಂದ ಮುಂದೆ ಸಿರಿವಂತರ ಮೇಲಿನ ವಿಶೇಷ ಭಾರವೆಂದರೆ ಸರ್ಚಾರ್ಜ್. 2019ರಲ್ಲಿ 5 ಕೋಟಿ ಮೀರಿದ ಆದಾಯದವರಿಗೆ ಅದು ಶೇ 37 ಆಗಿ, ಸೆಸ್ ಸೇರಿ ಗರಿಷ್ಠ ದರ ಶೇ 42.74ಕ್ಕೆ ಏರಿತು. 2023ರ ಬಜೆಟ್ ಹೊಸ ತೆರಿಗೆ ಪದ್ಧತಿಯವರಿಗೆ ಸರ್ಚಾರ್ಜನ್ನು ಶೇ 25ಕ್ಕೆ ಇಳಿಸಿದ್ದರಿಂದ ಅವರ ಗರಿಷ್ಠ ದರ ಶೇ 39ಕ್ಕೆ ಬಂದು ನಿಂತಿತು.