ಹತ್ತಿಯ ವರ್ಣತಂತುಗಳೂ ಭೀಮಾತೀರದ ಕೃಷಿ ಇತಿಹಾಸವೂ

ಶಾಸನ, ನಾಣ್ಯ, ಕಡತಗಳನ್ನು ಆಧಾರವಾಗಿ ಬಳಸುವ ಇತಿಹಾಸಕಾರನು ಸಸ್ಯಕೋಶದ ಕಡೆಗೆ ದೃಷ್ಟಿ ಹರಿಸುವುದು ವಿರಳ. ಆದರೆ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಎರೆಭೂಮಿಯಲ್ಲಿ ಹತ್ತಿಯ ಇತಿಹಾಸವನ್ನು ಬರೆಯಹೊರಟವನು ಈ ಸಾಕ್ಷ್ಯವನ್ನು ಅಲಕ್ಷಿಸುವಂತಿಲ್ಲವೆಂಬುದು ನಮ್ಮ ಅಭಿಪ್ರಾಯ.

1948ರವರೆಗೆ ಈ ಪ್ರದೇಶವು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದಿತು. ನೆರೆಯ ಇಂಡಿ, ಸಿಂದಗಿಗಳು ಮುಂಬಯಿ ಪ್ರಾಂತದಲ್ಲಿದ್ದವು. ಎರಡು ಆಡಳಿತಗಳು, ಎರಡು ಬಗೆಯ ದಫ್ತರಗಳು. ಇನ್ನು ಹತ್ತಿಯ ಹೆಸರುಗಳನ್ನು ನಂಬೋಣವೆಂದರೆ, ‘ಕುಮಟಾ’ ಎಂಬುದು ಧಾರವಾಡ ಸೀಮೆಯ ಅರಳೆ ಹಡಗೇರುತ್ತಿದ್ದ ಬಂದರಿನ ಹೆಸರು. ‘ಜವಾರಿ’ ಎಂದರೆ ನಾಡಿನದು ಎಂದಷ್ಟೇ ಅರ್ಥ. ಇವು ಗಿಡದ ಪ್ರಭೇದವನ್ನು ತಿಳಿಸವು.

ವರ್ಣತಂತುಗಳಾದರೋ ತಿಳಿಸುತ್ತವೆ. 1920ರ ದಶಕದ ಎಣಿಕೆಗಳಿಂದ ಸಿದ್ಧವಾದಂತೆ, ನಮ್ಮ ದೇಶೀ ಹತ್ತಿಗಳಾದ ಗಾಸಿಪಿಯಂ ಹರ್ಬೇಸಿಯಂ ಮತ್ತು ಆರ್ಬೋರಿಯಂಗಳ ಕಾಯಕೋಶಗಳಲ್ಲಿ 26 ವರ್ಣತಂತುಗಳಿವೆ. ಅಮೆರಿಕದಿಂದ ಬಂದ ಹಿರ್ಸುಟಂ ಮತ್ತು ಬಾರ್ಬಡೆನ್ಸ್‌ಗಳಲ್ಲಿ 52. ಇವೆರಡು ಗುಂಪುಗಳು ಕೂಡಿದರೆ ಹುಟ್ಟುವ ಸಂಕರದಲ್ಲಿ 39 ವರ್ಣತಂತುಗಳಿದ್ದು, ಅವು ಸರಿಯಾಗಿ ಜೋಡಿಗೊಳ್ಳದೆ ಗಿಡವು ಬಹುಮಟ್ಟಿಗೆ ಬಂಜೆಯಾಗುತ್ತದೆ.

ಈ ಸಂಗತಿಯು ಇತಿಹಾಸದ ಒಂದು ಪ್ರಶ್ನೆಗೆ ಬೆಳಕು ಚೆಲ್ಲುತ್ತದೆ. 1840ರ ದಶಕದಲ್ಲಿ ಧಾರವಾಡ ಸೀಮೆಯಲ್ಲಿ ನೆಲೆಗೊಂಡ ಅಮೆರಿಕನ್ ಹತ್ತಿಯು ಕ್ರಮೇಣ ಕೆಟ್ಟಿತೆಂಬ ದೂರು ವ್ಯಾಪಾರಸ್ಥರಲ್ಲಿತ್ತು. ಹೊಲದಲ್ಲಿ ದೇಶೀ ಗಿಡದೊಡನೆ ಬೆರೆತು ತಳಿಯೇ ಕೆಟ್ಟಿತೆಂದು ಊಹಿಸುವುದು ಸುಲಭ. ಆದರೆ 39ರ ಬಂಜೆತನವು ಆ ಊಹೆಗೆ ಅಡ್ಡಬರುತ್ತದೆ. ಬೆರಕೆಯನ್ನು ಹೂವಿನಲ್ಲಿ ಹುಡುಕುವುದಕ್ಕಿಂತ ಅರಳೆ ಬಿಡಿಸುವ ಕಡೆ, ಬೀಜದ ಚೀಲದಲ್ಲಿ, ಪೇಟೆಯಲ್ಲಿ ಹುಡುಕುವುದು ಯುಕ್ತ. ಮುಂಬಯಿ ಸರ್ಕಾರವು 1863ರಲ್ಲಿ ಹತ್ತಿಯ ಮೋಸಗಳನ್ನು ತಡೆಯಲು ಕಾಯಿದೆ ಮಾಡಿದ್ದೂ ಇದಕ್ಕೆ ಪೋಷಕವಾಗಿದೆ. ಪ್ರತಿಯಾಗಿ, ಧಾರವಾಡದಲ್ಲಿ ರೂಪುಗೊಂಡು 1972ರಲ್ಲಿ ಬಿಡುಗಡೆಯಾದ ‘ವರಲಕ್ಷ್ಮಿ’ಯು ಹಿರ್ಸುಟಂ ಮತ್ತು ಬಾರ್ಬಡೆನ್ಸ್‌ಗಳ ಸಂಕರ; ಎರಡರಲ್ಲಿಯೂ 52 ಇರುವುದರಿಂದ ಅದು ಫಲವಂತವಾಯಿತು.

ಆದರೆ ಎಣಿಕೆಯೊಂದೇ ಸಾಲದು. ಹರ್ಬೇಸಿಯಂ, ಆರ್ಬೋರಿಯಂ ಎರಡರಲ್ಲಿಯೂ ಸಂಖ್ಯೆ ಒಂದೇ. ಇವುಗಳ ನಡುವೆ ಎರಡು ವರ್ಣತಂತುಗಳು ತುಂಡುಗಳನ್ನು ಪರಸ್ಪರ ಬದಲಾಯಿಸಿಕೊಂಡಿರುವುದನ್ನು ಗರ್ಸ್ಟೆಲ್ 1953ರಲ್ಲಿ ತೋರಿಸಿದನು. ಇವೆರಡರ ಸಂಕರದಲ್ಲಿ ನಾಲ್ಕು ವರ್ಣತಂತುಗಳು ಒಂದಾಗಿ ಕೂಡಿಕೊಳ್ಳುವುದೇ ಅದರ ಗುರುತು. ಸಂಖ್ಯೆ ಮರೆಮಾಚಿದುದನ್ನು ರಚನೆ ಪ್ರಕಟಿಸುತ್ತದೆ.

ಇಂಥ ಪರೀಕ್ಷೆಗೆ ಬೆಳೆಯುತ್ತಿರುವ ಬೇರಿನ ತುದಿ ಅಥವಾ ಎಳೆಯ ಮೊಗ್ಗು ಬೇಕು. ಹಳೆಯ ಬಟ್ಟೆಯ ನೂಲಿನಲ್ಲಿ ವರ್ಣತಂತುಗಳನ್ನು ಎಣಿಸಲಾಗದು. ಕಡತವು ನೂರು ವರ್ಷ ಉಳಿದೀತು, ಬಿತ್ತದೆ ಇಟ್ಟ ಬೀಜವು ಕೆಲವೇ ವರ್ಷಗಳಲ್ಲಿ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ದೊರೆತ ಮೇಲೆ ಅಮೆರಿಕನ್ ಸಂಕರಗಳು ನಾಡಿನಲ್ಲೆಲ್ಲ ಹಬ್ಬಿ, ದೇಶೀ ಹತ್ತಿ ಹಿಂದೆ ಸರಿದಿದೆ. ಆದುದರಿಂದ ಈ ಮೂರು ತಾಲ್ಲೂಕುಗಳ ವಿದ್ಯಾರ್ಥಿಗಳು ತಮ್ಮ ಊರಿನ ಹಿರಿಯರಲ್ಲಿ ಉಳಿದಿರಬಹುದಾದ ಜವಾರಿ ಹತ್ತಿಬೀಜವನ್ನು, ಅದರ ಹೆಸರು ಮತ್ತು ಬಂದ ದಾರಿಯ ನೆನಪಿನೊಡನೆ, ಸಂಗ್ರಹಿಸಿ ಸಸ್ಯಶಾಸ್ತ್ರಜ್ಞರ ಕೈಗೆ ಒಪ್ಪಿಸಬೇಕೆಂದು ನಾವು ಕೋರುತ್ತೇವೆ. ಓದಲ್ಪಡುವ ಮೊದಲೇ ಅಳಿದುಹೋದ ಶಾಸನದ ನಷ್ಟಕ್ಕಿಂತ ಈ ನಷ್ಟವು ಕಿರಿದಲ್ಲ.