ಸೀನು ಬಂದಿದ್ದು ಕಿಟಕಿಯಿಂದಲೋ, ಹಾಸಿಗೆಯಿಂದಲೋ?

ಪುಣೆ, ಹೈದರಾಬಾದ್, ದಿಲ್ಲಿ ಕಡೆ ಇರೋ ನಮ್ಮವರು ನನ್ನ ಹತ್ರ ಮತ್ತೆ ಮತ್ತೆ ಕೇಳೋ ಪ್ರಶ್ನೆ ಒಂದಿದೆ. "ಸೀಸನ್ ಬಂತು ಅಂದ್ರೆ ಸೀನು, ಕಣ್ಣಲ್ಲಿ ನೀರು. ಕಿಟಕಿ ಎಲ್ಲ ಮುಚ್ಚಿ ಏರ್ ಪ್ಯೂರಿಫೈಯರ್ ಹಾಕಿದ್ರೆ ಸಾಕಾ?" ಸ್ವಲ್ಪ ಹಿಂದಕ್ಕೆ ಹೋಗಿ ನೋಡೋಣ, ಯಾಕಂದ್ರೆ ಈ ಪ್ರಶ್ನೆಗೆ 200 ವರ್ಷದ ಇತಿಹಾಸ ಇದೆ.

1819ರಲ್ಲಿ ಲಂಡನ್ನಿನ ವೈದ್ಯರ ಸಂಘದ ಮುಂದೆ ಜಾನ್ ಬಾಸ್ಟಾಕ್ ಅನ್ನೋ ವೈದ್ಯರು ಒಬ್ಬ ರೋಗಿಯ ವಿವರ ಓದಿದ್ರು. ರೋಗಿಯ ಹೆಸರು 'ಜೆ.ಬಿ.' ಅಂತ ಮಾತ್ರ ಇತ್ತು. ಅಂದ್ರೆ ಅವರೇ! ಬಾಲ್ಯದಿಂದಲೂ ಪ್ರತಿ ಬೇಸಿಗೆ ಕಣ್ಣುರಿ, ಸೀನು, ಎದೆ ಬಿಗಿತ. ರಕ್ತ ತೆಗೆಸಿದ್ರು, ಅಫೀಮು ತಗೊಂಡ್ರು, ಏನೂ ಗುಣ ಕಾಣಲಿಲ್ಲ. ಮುಂದಿನ ಒಂಬತ್ತು ವರ್ಷ ಹುಡುಕಿದ್ರೂ ಇಂಥವರು ಸಿಕ್ಕಿದ್ದು 28 ಜನ ಮಾತ್ರ. ಜನ ಇದಕ್ಕೆ ಒಣಹುಲ್ಲಿನ ಜ್ವರ ಅಂತಿದ್ರು, 'ಹೇ ಫೀವರ್' ಅನ್ನೋ ಹೆಸರು ಬಂದಿದ್ದು ಹಾಗೆ. ಬಾಸ್ಟಾಕ್ ಮಾತ್ರ ಅದನ್ನ ಒಪ್ಪಲಿಲ್ಲ, ಬಿಸಿಲಿನ ಝಳವೇ ಕಾರಣ ಅಂತ ನಂಬಿದ್ರು.

ಕಾರಣ ಹಿಡಿದಿದ್ದು ಮ್ಯಾಂಚೆಸ್ಟರಿನ ಚಾರ್ಲ್ಸ್ ಬ್ಲ್ಯಾಕ್ಲಿ. ಅವರಿಗೂ ಇದೇ ಕಾಯಿಲೆ. ನನಗೆ ಈ ಮನುಷ್ಯನ ಮೇಲೆ ವಿಶೇಷ ಪ್ರೀತಿ. ಹುಲ್ಲಿನ ಪರಾಗ ಮೂಸಿ ಸೀನಿದ್ರು, ಚರ್ಮ ಗೀರಿ ಪರಾಗ ಹಚ್ಚಿಕೊಂಡ್ರು. ಇವತ್ತು ಅಲರ್ಜಿ ಟೆಸ್ಟ್ ಅಂತ ಡಾಕ್ಟರು ಕೈ ಮೇಲೆ ಚುಚ್ಚೋದಕ್ಕೆ ಮೂಲ ಅದೇ. ಸಾಲದು ಅಂತ ಗಾಳಿಪಟಕ್ಕೆ ಅಂಟು ಸವರಿದ ಗಾಜಿನ ಪಟ್ಟಿ ಕಟ್ಟಿ ಹಾರಿಸಿದ್ರು. ನೂರಾರು ಅಡಿ ಮೇಲೂ ಪರಾಗ ಸಿಕ್ತು! ಅಂದ್ರೆ ಹುಲ್ಲುಗಾವಲಿನ ಪಕ್ಕದಲ್ಲೇ ಮನೆ ಇರಬೇಕಾಗಿಲ್ಲ, ಪರಾಗ ತಾನೇ ಹುಡುಕಿಕೊಂಡು ಬರುತ್ತೆ. 1873ರಲ್ಲಿ ಇದೆಲ್ಲ ಪುಸ್ತಕವಾಗಿ ಬಂತು. 'ಅಲರ್ಜಿ' ಅನ್ನೋ ಪದ ಇನ್ನೂ ಹುಟ್ಟಿರಲಿಲ್ಲ, ಅದು ವಿಯೆನ್ನಾದಲ್ಲಿ ಬಂದಿದ್ದು 1906ಕ್ಕೆ.

ಇಲ್ಲಿವರೆಗೆ ಶತ್ರು ಹೊರಗಿದ್ದ. ಬಾಗಿಲು ಹಾಕಿಕೊಂಡ್ರೆ ಕ್ಷೇಮ ಅಂತ ಯಾರಿಗಾದ್ರೂ ಅನಿಸುತ್ತೆ. ಆದ್ರೆ ಬಾಗಿಲು ಹಾಕಿದ ಮೇಲೂ ಕೆಲವರಿಗೆ ಉಸಿರು ಕಟ್ತಾ ಇತ್ತು. ಇದಕ್ಕೆ ಉತ್ತರ ಸಿಕ್ಕಿದ್ದು ನೆದರ್ಲೆಂಡ್ಸ್‌ನ ಲೈಡನ್ ಊರಲ್ಲಿ. ತಗ್ಗು ನೆಲ, ಸದಾ ತೇವ. 1920ರ ದಶಕದಲ್ಲಿ ಅಲ್ಲಿನ ಸ್ಟಾರ್ಮ್ ವಾನ್ ಲ್ಯೂವೆನ್ ಅಸ್ತಮಾ ರೋಗಿಗಳಿಗೆ ಅಂತಲೇ ಶುದ್ಧ ಗಾಳಿಯ ಕೋಣೆ ಕಟ್ಟಿಸಿದ್ರು. ಅದರೊಳಗೆ ರೋಗಿಗಳು ಚೇತರಿಸಿಕೊಂಡ್ರು. ಹಾಗಾದ್ರೆ ತೊಂದರೆ ಮನೆಯಲ್ಲೇ ಇದೆ, ಆದ್ರೆ ಅದೇನು? 1960ರ ದಶಕದಲ್ಲಿ ಅದೇ ಊರಿನ ಫೋರ್‌ಹಾರ್ಸ್ಟ್ ಮತ್ತು ಸ್ಪೀಕ್ಸ್ಮಾ ತಂಡ ಮನೆಯ ಧೂಳಲ್ಲಿ ಅಪರಾಧಿಯನ್ನ ತೋರಿಸಿತು. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ. ಅದರ ಊಟ ನಮ್ಮ ಮೈಯಿಂದ ಉದುರೋ ಚರ್ಮದ ಹೊಟ್ಟು, ವಾಸ ಹಾಸಿಗೆ-ದಿಂಬು. ಅಲರ್ಜಿ ತರೋದು ಮುಖ್ಯವಾಗಿ ಅದರ ಹಿಕ್ಕೆ. ನೀರು ಕುಡಿಯೋಲ್ಲ, ಗಾಳಿಯ ತೇವವನ್ನೇ ಹೀರಿ ಬದುಕುತ್ತೆ. ಅದಕ್ಕೇ ತೇವದ ಮನೆ ಅಂದ್ರೆ ಅದಕ್ಕೆ ಪಂಚಪ್ರಾಣ.

ಎಡವಟ್ಟು ಇರೋದು ಇಲ್ಲೇ. ಪರಾಗಕ್ಕೆ ಕಿಟಕಿ ಮುಚ್ಚಬೇಕು. ನುಸಿಗೆ, ಬೂಷ್ಟಿಗೆ ಮನೆ ಒಣಗಬೇಕು, ಗಾಳಿ ಆಡಬೇಕು. ಎರಡಕ್ಕೂ ಒಂದೇ ಮದ್ದು ಅಂತ ಹೋದ್ರೆ ಕೆಡುತ್ತೆ.

ಪುಣೆಯವರಿಗೆ ಇದು ದೂರದ ಕಥೆ ಅಲ್ಲ. ನಾವು ಕಾಂಗ್ರೆಸ್ ಗಿಡ ಅನ್ನೋ, ಮರಾಠಿಯವರು ಗಾಜರ್ ಗವತ್ ಅನ್ನೋ ಪಾರ್ಥೇನಿಯಂ ನಮ್ಮ ದೇಶದಲ್ಲಿ ಕಳೆಯಾಗಿ ಮೊದಲು ಕಣ್ಣಿಗೆ ಬಿದ್ದಿದ್ದು 1955-56ರ ಸುಮಾರಿಗೆ, ಪುಣೆಯಲ್ಲೇ. ಅಮೆರಿಕದ ಗೋಧಿ ಜೊತೆ ಬಂತು ಅಂತ ಜನರ ಮಾತು. ಬೆಂಗಳೂರಿನ ಖಾಲಿ ಸೈಟುಗಳನ್ನೂ ಅದು ಬಿಡಲಿಲ್ಲ. ಅದನ್ನ ತಿನ್ನಲಿ ಅಂತ ಮೆಕ್ಸಿಕೋದಿಂದ ಜೀರುಂಡೆ ತರಿಸಿ 1984ರಲ್ಲಿ ಬೆಂಗಳೂರಲ್ಲಿ ಬಿಟ್ಟರು. ಅದರ ಪರಾಗದಿಂದ ಮೂಗಿನ ಅಲರ್ಜಿ ಬರುತ್ತೆ ಅನ್ನೋದಕ್ಕೆ ಬೆಂಗಳೂರಿನ ಸಂಶೋಧಕರೇ ಪುರಾವೆ ಕೊಟ್ಟಿದಾರೆ. ಮಳೆ ಬಂದ ಮೇಲೆ ಹುಲುಸಾಗಿ ಬೆಳೆದು ಹೂ ಬಿಡುತ್ತೆ. ಮನೆ ಒಳಗೆ ತೇವ ಹೆಚ್ಚೋದೂ ಅದೇ ಹೊತ್ತಿಗೆ!

ಇನ್ನು ಪ್ಯೂರಿಫೈಯರ್. ಅದರೊಳಗಿನ ಹೆಪಾ ಫಿಲ್ಟರ್ ಹುಟ್ಟಿದ್ದು ಸೀನಿಗಲ್ಲ, ಎರಡನೇ ಮಹಾಯುದ್ಧದಲ್ಲಿ ಅಣುಬಾಂಬ್ ಯೋಜನೆಯ ವಿಕಿರಣದ ಧೂಳು ತಡೆಯೋಕೆ. 0.3 ಮೈಕ್ರಾನ್ ಕಣಗಳಲ್ಲಿ 99.97% ಹಿಡಿಯುತ್ತೆ. ಪರಾಗ ಅದಕ್ಕಿಂತ ಹತ್ತಾರು ಪಟ್ಟು ದೊಡ್ಡದು, ಗಾಳಿಯಲ್ಲಿ ತೇಲ್ತಾ ಮೆಷಿನ್‌ವರೆಗೆ ಬಂದ್ರೆ ಸಲೀಸಾಗಿ ಸಿಗುತ್ತೆ. ನುಸಿಯ ಹಿಕ್ಕೆ ಹಾಗಲ್ಲ. ಹಾಸಿಗೆ ಕೊಡವಿದಾಗ ಏಳುತ್ತೆ, ಸ್ವಲ್ಪ ಹೊತ್ತಲ್ಲೇ ಕೂತುಬಿಡುತ್ತೆ. ನಿಮ್ಮ ಮೂಗು ಇರೋದು ದಿಂಬಿನ ಮೇಲೆ, ಮೆಷಿನ್ ಇರೋದು ಮೂಲೆಯಲ್ಲಿ.

ಹಾಗಾಗಿ ಮೊದಲು ಗಮನಿಸಿ: ಸೀನು ಹೊರಗೆ ಓಡಾಡಿ ಬಂದಾಗ ಜಾಸ್ತಿಯೋ, ಬೆಳಿಗ್ಗೆ ಏಳ್ತಿದ್ದ ಹಾಗೇನೋ? ಹೊರಗಿನದ್ದಾದ್ರೆ ಹೂ ಬಿಡೋ ಕಾಲದಲ್ಲಿ ಗಾಳಿ ಜೋರಿದ್ದಾಗ ಕಿಟಕಿ ಮುಚ್ಚಿ, ಬಂದ ಕೂಡಲೇ ಬಟ್ಟೆ ಬದಲಿಸಿ, ಪೊರಕೆ ಬದಲು ಒದ್ದೆ ಬಟ್ಟೆಯಲ್ಲಿ ನೆಲ ಒರೆಸಿ. ಪ್ಯೂರಿಫೈಯರ್ ಕೆಲಸಕ್ಕೆ ಬರೋದು ಇಲ್ಲಿ. ಹಾಸಿಗೆಯದ್ದು ಅನಿಸಿದ್ರೆ ದುಡ್ಡು ಅಲ್ಲಿ ಹಾಕಬೇಡಿ. ಹಾಸಿಗೆ, ದಿಂಬಿಗೆ ನುಸಿ ದಾಟದಂಥ ಜಿಪ್ ಕವರ್ ಹಾಕಿ, ಹೊದಿಕೆಗಳನ್ನ ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಲ್ಲಿ ಒಗೆಯಿರಿ. ಪಿಜಿಯಲ್ಲಿ ಓನರ್ ಕೊಟ್ಟ, ಹಿಂದೆ ಎಷ್ಟು ಜನ ಮಲಗಿದ್ರೋ ಗೊತ್ತಿಲ್ಲದ ಹಾಸಿಗೆ ಇದ್ರಂತೂ ಕವರ್ ಬೇಕೇ ಬೇಕು. ಊರಲ್ಲಿ ಅಜ್ಜಿಯಂದಿರು ಹಾಸಿಗೆ ಬಿಸಿಲಿಗೆ ಹಾಕಿ ಬಡೀತಿದ್ರಲ್ಲ, ಅದು ಸರಿಯಾದ ಕ್ರಮವೇ. ಒಣ ಬಿಸಿಗೆ ನುಸಿ ಸಾಯುತ್ತೆ, ಬಡಿದಾಗ ಧೂಳು ಹೊರಗೇ ಉದುರುತ್ತೆ. ಬಡಿಯೋ ಕೆಲಸ ಅಲರ್ಜಿ ಇರೋರು ಮಾಡಬಾರದು ಅಷ್ಟೇ.

ಅಗರಬತ್ತಿ ಹೊಗೆ ಪರಾಗವೂ ಅಲ್ಲ, ನುಸಿಯೂ ಅಲ್ಲ. ಆದ್ರೆ ಮೊದಲೇ ಕೆರಳಿದ ಮೂಗನ್ನ ಇನ್ನಷ್ಟು ಕೆರಳಿಸುತ್ತೆ. ಅಲರ್ಜಿ ಕಾಲದಲ್ಲಿ ದೇವರು ದೀಪದಲ್ಲೇ ತೃಪ್ತಿಪಟ್ಟುಕೊಳ್ಳಲಿ ಬಿಡಿ. ಎದೆಯಲ್ಲಿ ಸುಯ್ ಸುಯ್ ಶಬ್ದ ಶುರುವಾಗಿದ್ರೆ ಈ ಮನೆಮಟ್ಟಿನ ಕೆಲಸ ನಂಬಿ ಕೂರಬೇಡಿ, ಡಾಕ್ಟರ್ ಹತ್ರ ಹೋಗಿ.

ಮಳೆಗಾಲದಲ್ಲಿ ಮನೆಯೊಳಗೆ ಬಟ್ಟೆ ಒಣಹಾಕೋರು ಒಂದು ಹೈಗ್ರೋಮೀಟರ್ ತಂದಿಟ್ಟುಕೊಳ್ಳಿ, ದುಬಾರಿ ಏನಲ್ಲ. ತೇವ 50% ದಾಟ್ತಾ ಹೋದ್ರೆ ಆ ಬಟ್ಟೆ ಸ್ಟ್ಯಾಂಡನ್ನ ಮೊದಲು ಮಲಗೋ ಕೋಣೆಯಿಂದ ಆಚೆ ಇಡಿ.