ಹುರುಳಿಯ ಹುಟ್ಟೂರುಗಳು

ಮುಂಬಯಿಯ ಕಿರಾಣಿ ಅಂಗಡಿಯಲ್ಲಿ ನಾವು ‘ಹುರುಳಿ’ ಎಂದರೆ ಅರ್ಥವಾಗದು; ‘ಕುಳೀಥ್’ ಎನ್ನಬೇಕು. ಚೆನ್ನೈಯಲ್ಲಿ ಅದು ಕೊಳ್ಳು, ಹೈದರಾಬಾದಿನಲ್ಲಿ ಉಲವಲು, ದೆಹಲಿಯಲ್ಲಿ ಕುಲ್ಥಿ. ಅಲ್ಲಿನ ಕುಮಾವೂಂ, ಗಢವಾಲದ ನೆರೆಹೊರೆಯವರಿಗೆ ಗಹತ್. ನಾವು ಹುರುಳಿಕಟ್ಟಿನ ಸಾರು ಮಾಡಿದರೆ ಕೊಂಕಣಿಗರು ಪಿಠಿ ಮಾಡುತ್ತಾರೆ, ತೆಲುಗರು ಉಲವಚಾರು. ಹೆಸರು ಹಲವಾದರೂ ಕಾಳು ಒಂದೇ ಎಂದು ನಾವು ಬಹುಕಾಲ ಭಾವಿಸಿದ್ದೆವು. ಅದು ಅರ್ಧ ಸತ್ಯ ಮಾತ್ರ.

ಬಳ್ಳಾರಿ ಸೀಮೆಯ ಸಂಗನಕಲ್ಲು, ತೆಕ್ಕಲಕೋಟೆ ಹಾಗೂ ತುಂಗಭದ್ರೆಯ ದಂಡೆಯ ಹಳ್ಳೂರು ನವಶಿಲಾಯುಗದ ನೆಲೆಗಳು. ಇಂಥ ನೆಲೆಗಳ ಮಣ್ಣನ್ನು ನೀರಿನಲ್ಲಿ ಕದಡಿ, ತೇಲಿಬಂದ ಕರಿಕಾಳುಗಳನ್ನು ಸೋಸಿ ನೋಡಿದ ರವಿ ಕೋರಿಶೆಟ್ಟರ್, ಡೋರಿಯನ್ ಫುಲ್ಲರ್ ಮೊದಲಾದವರಿಗೆ ಹುರುಳಿ, ಹೆಸರು ಮತ್ತು ಕಿರುಧಾನ್ಯಗಳು ದೊರೆತವು. ಸುಮಾರು 4000 ವರ್ಷಗಳ ಹಿಂದೆ, ಬೂದಿದಿಬ್ಬಗಳ ಕಾಲದ ದನಗಾಹಿ ಜನರ ಊಟ ಅದು. 2017ರಲ್ಲಿ ಚಾರ್ಲೀನ್ ಮರ್ಫಿ ಮತ್ತು ಫುಲ್ಲರ್ ಪ್ರಾಚೀನ ಕಾಳುಗಳನ್ನು ಒಡೆಯದೆ, ಪ್ರಬಲ ಎಕ್ಸ್-ಕಿರಣಗಳಿಂದ ಪರೀಕ್ಷಿಸಿ, ಅವುಗಳ ಸಿಪ್ಪೆ ಕಾಲಕ್ರಮೇಣ ತೆಳುವಾದುದನ್ನು ತೋರಿಸಿದರು. ದಪ್ಪ ಸಿಪ್ಪೆಯ ಕಾಡುಕಾಳು ಮೊಳೆಯದೆ ಮಣ್ಣಿನಲ್ಲಿ ಬಹುಕಾಲ ಉಳಿಯಬಲ್ಲದು. ತೆಳು ಸಿಪ್ಪೆಯದು ನೀರು ತಾಗಿದೊಡನೆ ಮೊಳೆಯುತ್ತದೆ. ಬಿತ್ತಿ, ಕೊಯ್ದು, ಮತ್ತೆ ಬಿತ್ತಿದ ತಲೆಮಾರುಗಳ ದುಡಿಮೆ ಹೀಗೆ ಸಿಪ್ಪೆಯಲ್ಲಿ ದಾಖಲಾಗಿದೆ.

ಆದರೆ ಹರಿಯಾಣದ ಸಿಂಧೂ ನಾಗರಿಕತೆಯ ನೆಲೆಗಳಲ್ಲಿಯೂ ಹುರುಳಿ ಸಿಕ್ಕಿದೆ. ದಕ್ಷಿಣದಲ್ಲೊಮ್ಮೆ, ವಾಯುವ್ಯದಲ್ಲೊಮ್ಮೆ ಇದು ಪ್ರತ್ಯೇಕವಾಗಿ ಬೇಸಾಯಕ್ಕೆ ಬಂದಿರಬಹುದೆಂಬ ಊಹೆ ಇಲ್ಲಿಂದ ಹುಟ್ಟಿತು. ಹಿಮಾಚಲದ ಪಾಲಂಪುರದ ವಿಜ್ಞಾನಿಗಳು ಡಿಎನ್‌ಎ ಗುರುತುಗಳಿಂದ ತಳಿಗಳನ್ನು ಹೋಲಿಸಿದಾಗಲೂ ಪಶ್ಚಿಮ ಹಿಮಾಲಯದವು ಒಂದು ಬಳಗವಾಗಿ, ದಕ್ಷಿಣದವು ಮತ್ತೊಂದು ಬಳಗವಾಗಿ ಬೇರ್ಪಟ್ಟವು. ಗಹತ್ ಮತ್ತು ಹುರುಳಿ ಒಂದೇ ಜಾತಿ. ಆದರೆ ಬೇರೆ ಬೇರೆ ಚಳಿ, ಮಳೆ, ಹಗಲಿನ ಅವಧಿಗಳಿಗೆ ಒಗ್ಗಿದ ಎರಡು ಮನೆತನಗಳು.

ಈ ಭೇದವನ್ನು ಉಳಿಸಿದವರು ಮಳೆಯನ್ನೇ ನಂಬಿದ ಬಡ ರೈತರು. ಇಂಗ್ಲಿಷರು ಇದನ್ನು ಕುದುರೆಯ ಕಾಳೆಂದು ಕರೆದರು. ನಾವೂ ಬಡವರ ಕಾಳೆಂದು ಕೀಳಾಗಿ ಕಂಡೆವು. ನೀರಾವರಿ ಬಂದಲ್ಲಿ ಹುರುಳಿ ಹೊಲ ಬಿಟ್ಟುಕೊಟ್ಟಿತು. ಕೆನೆಬಣ್ಣ, ಕಂದು, ಕಪ್ಪು, ಚುಕ್ಕೆಯ ಕಾಳುಗಳು ಬೆರೆತ ಮನೆಬೀಜದ ಬದಲು ಒಂದೇ ತಳಿ ಬಂದಲ್ಲಿ ಬರ, ರೋಗಗಳನ್ನು ತಾಳುವ ಗುಣಗಳ ಭಂಡಾರವೂ ಕಿರಿದಾಗುತ್ತದೆ.

ದೆಹಲಿಯ ರಾಷ್ಟ್ರೀಯ ಜೀನ್ ಬ್ಯಾಂಕಿನ ಶೀತಕೋಣೆಯಲ್ಲಿ ಬೀಜಗಳು ಸುರಕ್ಷಿತವಾಗಿವೆ, ನಿಜ. ಆದರೆ ಅಲ್ಲಿ ಅವು ಹೊಸ ಬರವನ್ನು ಕಾಣುವುದಿಲ್ಲ. ಬದಲಾಗುತ್ತಿರುವ ಮಳೆಗೆ ಒಗ್ಗುವುದು ಹೊಲದಲ್ಲಿ ಮಾತ್ರ. ಮುಂದಿನ ಸಲ ಊರಿಗೆ ಹೋದಾಗ ಹುರುಳಿಯನ್ನಷ್ಟೇ ಕಟ್ಟಿಸಿಕೊಂಡು ಬರದೆ, ಬೀಜ ಯಾರ ಮನೆಯದೆಂದೂ ಕೇಳೋಣ. ಆ ಮನೆಯ ಹಿರಿಯರು ಹೇಳುವುದನ್ನು ಬರೆದಿಟ್ಟುಕೊಂಡರೆ, ಅದೂ ನಮ್ಮ ನಾಡಿನ ಚರಿತ್ರೆಯೇ.